ಡ್ರಾಯಿಂಗ್ ಮೇಷ್ಟ್ರು ಆಡಿದ ಐದು ನಿಮಿಷದ ಆಟ

ಕಳೆದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ನಮ್ಮ ಬೀದಿಯ ಡ್ರಾಯಿಂಗ್ ಮೇಷ್ಟ್ರು ಮನೆಗೆ ಬಂದರು. ಹೈಸ್ಕೂಲಿನಲ್ಲಿ 32 ವರ್ಷ ಚಿತ್ರಕಲೆ ಕಲಿಸಿ ನಿವೃತ್ತರಾದವರು. ಅವರು ಬಂದರೆ ಕಾಫಿ ಮುಗಿಯುವ ತನಕ ಪಿಂಚಣಿ, ಮಳೆ, ಮೊಣಕಾಲು ನೋವು ಈ ಮೂರರ ಸುತ್ತಲೇ ಮಾತು. ಅಂದು ಮಾತ್ರ ಲೋಟಕ್ಕೆ ಕೈ ಹಾಕುವ ಮೊದಲೇ ಕೇಳಿದರು:

"ಏನ್ರೀ, ಈ ವಿಡಿಯೋ ಗೇಮು ಒಂದು ಕಲೆಯೇನ್ರೀ?"

ಹಿನ್ನೆಲೆ ನಿಧಾನವಾಗಿ ಹೊರಬಿತ್ತು. ಮೇಷ್ಟ್ರ ಒಬ್ಬನೇ ಮಗ ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದಾನೆ. ನಿವೃತ್ತಿಯ ಹಣದಲ್ಲಿ ದೊಡ್ಡ ಪಾಲು ಅವನ ಫೀಸಿಗೆ ಹೋಗಿದೆ. ಹಿಂದಿನ ರಾತ್ರಿ ಊಟಕ್ಕೆ ಕೂತಾಗ ಹುಡುಗ ಮನಸ್ಸಿನಲ್ಲಿದ್ದುದನ್ನು ಹೇಳಿಬಿಟ್ಟಿದ್ದ. ಸಾಫ್ಟ್‌ವೇರ್ ಕೆಲಸಕ್ಕೆ ಸೇರುವುದಿಲ್ಲ, ಗೇಮ್ ವಿನ್ಯಾಸ ಓದಬೇಕು. ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ, ಅಂದರೆ ಎನ್.ಐ.ಡಿ.ಯ, ಬೆಂಗಳೂರು ಕ್ಯಾಂಪಸ್ಸಿನಲ್ಲಿ ಅದಕ್ಕೆಂದೇ ಸ್ನಾತಕೋತ್ತರ ಕೋರ್ಸು ಇದೆ. ಅದರ ಪ್ರವೇಶ ಪರೀಕ್ಷೆ ಬರೆಯುತ್ತೇನೆ ಎಂದು.

"ಕೆಲಸ ಬೇಡ ಅಂದದ್ದಕ್ಕೆ ನನಗೆ ಅಷ್ಟು ಬೇಜಾರಾಗಲಿಲ್ಲ" ಎಂದರು ಮೇಷ್ಟ್ರು. "ಅದೂ ನಿಮ್ಮ ಡ್ರಾಯಿಂಗ್ ಥರಾನೇ ಒಂದು ಕಲೆ ಅಪ್ಪಾ ಅಂದನಲ್ಲ, ಅದು ನಾಟಿತು. ಮಕ್ಕಳ ಕೈಲಿ ಒಂದು ಮಡಕೆ ಸರಿಯಾಗಿ ಬರೆಸೋಕೆ ಒಂದು ವರ್ಷ ಹಿಡಿಯುತ್ತೆ. ನೆರಳು ಎಲ್ಲಿ ಬೀಳುತ್ತೆ ಅಂತ ನೋಡೋದನ್ನ ಕಲಿಸೋಕೆ ಇನ್ನೊಂದು ವರ್ಷ. ಇವನು ಗುಂಡು ಹೊಡೆಯೋ ಆಟಾನ ತಂದು ಅದರ ಪಕ್ಕ ಕೂರಿಸ್ತಾನೆ. ಅದು ಕಲೆಯಾದರೆ ನಾನು ಇಷ್ಟು ವರ್ಷ ಕಲಿಸಿದ್ದು ಏನು?"

ನನ್ನ ಬಳಿ ಉತ್ತರವಿರಲಿಲ್ಲ. ವಿಡಿಯೋ ಗೇಮ್ ಬಗ್ಗೆ ನನ್ನ ಜ್ಞಾನ ಅಷ್ಟಕ್ಕಷ್ಟೆ. ನಮ್ಮ ಮಕ್ಕಳು ಚಿಕ್ಕವರಾಗಿದ್ದಾಗ ಟೀವಿಗೆ ಸಿಕ್ಕಿಸುವ ಒಂದು ಪೆಟ್ಟಿಗೆಯಲ್ಲಿ ಟೋಪಿ ಹಾಕಿದ ಮೀಸೆಯವನೊಬ್ಬ ಕುಣಿಯುತ್ತಾ ಓಡುತ್ತಿದ್ದ. ಪರೀಕ್ಷೆ ಬಂತೆಂದರೆ ನಾನು ಆ ಪೆಟ್ಟಿಗೆಯನ್ನು ಬೀರುವಿನ ಮೇಲೆ ಎತ್ತಿಡುತ್ತಿದ್ದೆ. ಇಷ್ಟೇ ನನ್ನ ಅನುಭವ. ಹಾಗಾಗಿ "ಎರಡು ವಾರ ಟೈಮ್ ಕೊಡಿ ಮೇಷ್ಟ್ರೇ, ಓದಿ ಹೇಳ್ತೀನಿ" ಎಂದೆ. ಓದಿದೆ. ಸ್ವಲ್ಪ ಆಡಿಯೂ ನೋಡಿದೆ. ಈ ವಾರ ನಿಮ್ಮ ಮುಂದೆ ಇಡುತ್ತಿರುವುದು ಅದೇ ವರದಿ. ಮೇಷ್ಟ್ರ ಪ್ರಶ್ನೆ ಇಂದು ಅವರೊಬ್ಬರ ಮನೆಯ ಪ್ರಶ್ನೆಯಾಗಿ ಉಳಿದಿಲ್ಲವಲ್ಲ.

ಆಡದೆ ತೀರ್ಪು ಕೊಟ್ಟವರು

ಈ ಜಗಳಕ್ಕೆ ಒಳ್ಳೆಯ ವಕೀಲರೊಬ್ಬರಿದ್ದರು. ಹೆಸರು ರೋಜರ್ ಎಬರ್ಟ್. ಅಮೆರಿಕದ ಷಿಕಾಗೋ ನಗರದ ಪತ್ರಿಕೆಯೊಂದರ ಸಿನಿಮಾ ವಿಮರ್ಶಕ. ಸಿನಿಮಾ ವಿಮರ್ಶೆಗೆ ಪುಲಿಟ್ಜರ್ ಪ್ರಶಸ್ತಿ ಪಡೆದವರಲ್ಲಿ ಅವರೇ ಮೊದಲಿಗರು, 1975ರಲ್ಲಿ. ಅಂಥವರು 2010ರ ಏಪ್ರಿಲ್‌ನಲ್ಲಿ, ವಿಡಿಯೋ ಗೇಮ್ ಎಂದೆಂದಿಗೂ ಕಲೆಯಾಗಲಾರದು ಎಂದು ಬರೆದರು.

ಅವರ ವಾದವನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಆಟ ಎಂದ ಮೇಲೆ ಅದಕ್ಕೆ ನಿಯಮವಿದೆ, ಅಂಕವಿದೆ, ಗುರಿಯಿದೆ. ಆಟವನ್ನು ಗೆಲ್ಲಬಹುದು. ಕಾದಂಬರಿಯನ್ನೋ ನೃತ್ಯವನ್ನೋ ಗೆಲ್ಲಲು ಸಾಧ್ಯವೆ? ಅದನ್ನು ಅನುಭವಿಸಬಹುದು ಅಷ್ಟೆ. ಇದು ಮೊದಲನೆಯ ಮಾತು. ಎರಡನೆಯದು ಇನ್ನೂ ಸೂಕ್ಷ್ಮವಾದದ್ದು. ಕಲಾವಿದ ನಮ್ಮನ್ನು ಕೈಹಿಡಿದು ಒಂದು ಕಡೆಗೆ ಕರೆದೊಯ್ಯುತ್ತಾನೆ. ದುರಂತ ನಾಟಕದ ನಾಯಕ ಸಾಯಲೇಬೇಕು, ಅದರಲ್ಲಿ ಪ್ರೇಕ್ಷಕನ ಮಾತು ನಡೆಯುವುದಿಲ್ಲ. ಆದರೆ ಆಟದಲ್ಲಿ ಎಲ್ಲಿಗೆ ಹೋಗಬೇಕೆಂದು ನಿರ್ಧರಿಸುವವನು ಆಡುವವನೇ. ಹಾಗಿದ್ದ ಮೇಲೆ ಕೃತಿ ಯಾರದ್ದು?

ಎಬರ್ಟ್ ಅವರ ಲೇಖನಕ್ಕೆ ಬಂದ ಪ್ರತಿಕ್ರಿಯೆ ಸಾವಿರಗಟ್ಟಲೆ. ಬಹುಪಾಲು ಹುಡುಗರು ಸಿಟ್ಟಿನಿಂದ ಬರೆದದ್ದು. ಅದೇ ಜುಲೈನಲ್ಲಿ ಅವರು ಇನ್ನೊಂದು ಲೇಖನ ಬರೆದರು. ತಮ್ಮ ಅನಿಸಿಕೆ ಬದಲಾಯಿತೆಂದು ಅವರು ಹೇಳಲಿಲ್ಲ. ಆದರೆ ಒಂದು ತಪ್ಪನ್ನು ಒಪ್ಪಿಕೊಂಡರು. ನೋಡದ ಸಿನಿಮಾದ ಬಗ್ಗೆ ತಾವು ಎಂದೂ ಅಭಿಪ್ರಾಯ ಹೇಳುವವರಲ್ಲ, ಆದರೆ ಆಡದ ಆಟಗಳ ಬಗ್ಗೆ ತೀರ್ಪು ಕೊಟ್ಟುಬಿಟ್ಟೆ, ಅದು ಸರಿಯಲ್ಲ ಎಂದರು. 2013ರಲ್ಲಿ ಅವರು ತೀರಿಕೊಂಡರು. ಸೋಲದೆಯೂ ತಪ್ಪು ಒಪ್ಪಿಕೊಳ್ಳುವ ಈ ದೊಡ್ಡತನ ನನಗೆ ಅವರ ವಾದಕ್ಕಿಂತ ಹೆಚ್ಚು ಇಷ್ಟವಾಯಿತು. ಮಕ್ಕಳ ವಿಷಯದಲ್ಲಿ ನಾವು ದಿನಕ್ಕೆ ಎಷ್ಟು ತೀರ್ಪು ಕೊಡುತ್ತೇವೆ, ಅದರಲ್ಲಿ ನೋಡಿ ಕೊಟ್ಟದ್ದು ಎಷ್ಟು, ಎಂದು ಲೆಕ್ಕ ಹಾಕಿದರೆ ಸ್ವಲ್ಪ ಮುಜುಗರವಾದೀತು.

ಹಳೆಯ ಕೋರ್ಟು, ಹೊಸ ಕೋರ್ಟು

ಸ್ವಾರಸ್ಯವೆಂದರೆ, ಎಬರ್ಟ್ ಅವರ ಪ್ರೀತಿಯ ಸಿನಿಮಾ ಕೂಡ ಒಂದು ಕಾಲದಲ್ಲಿ ಇದೇ ಕಟಕಟೆಯಲ್ಲಿ ನಿಂತಿತ್ತು. ಪ್ಯಾರಿಸ್ಸಿನಲ್ಲಿ ಲೂಮಿಯೇರ್ ಸಹೋದರರು ಹಣ ಪಡೆದು ಜನರಿಗೆ ಚಲಿಸುವ ಚಿತ್ರ ತೋರಿಸಿದ್ದು 1895ರ ಡಿಸೆಂಬರ್‌ನಲ್ಲಿ. ಮುಂದಿನ ವರ್ಷ ಜುಲೈ ಹೊತ್ತಿಗೆ ಅದು ಮುಂಬಯಿಯ ವಾಟ್ಸನ್ ಹೋಟೆಲಿಗೆ ಬಂದಿತ್ತು. ಇಪ್ಪತ್ತು ವರ್ಷ ಕಳೆದ ಮೇಲೂ, 1915ರಲ್ಲಿ, ಅಮೆರಿಕದ ಸುಪ್ರೀಂ ಕೋರ್ಟು ಸಿನಿಮಾ ಪ್ರದರ್ಶನ ಅಪ್ಪಟ ವ್ಯಾಪಾರ, ಪತ್ರಿಕೆ ಪುಸ್ತಕಗಳಿಗಿರುವ ಅಭಿವ್ಯಕ್ತಿ ಸ್ವಾತಂತ್ರ್ಯ ಅದಕ್ಕೆ ಅನ್ವಯಿಸುವುದಿಲ್ಲ ಎಂದು ತೀರ್ಪು ಕೊಟ್ಟಿತು. ಅದೇ ಕೋರ್ಟು ಆ ಮಾತನ್ನು ಹಿಂದಕ್ಕೆ ಪಡೆದದ್ದು 1952ರಲ್ಲಿ. ನಡುವಿನ ಆ 37 ವರ್ಷಗಳಲ್ಲಿ ಚಾಪ್ಲಿನ್ ತನ್ನ ದೊಡ್ಡ ಚಿತ್ರಗಳನ್ನೆಲ್ಲ ಹೆಚ್ಚುಕಡಿಮೆ ಮಾಡಿ ಮುಗಿಸಿದ್ದ!

ವಿಡಿಯೋ ಗೇಮ್ ಸರದಿ ಬಂದದ್ದು 2011ರ ಜೂನ್‌ನಲ್ಲಿ. ಹದಿನೆಂಟು ತುಂಬದವರಿಗೆ ಹಿಂಸೆಯ ಆಟಗಳನ್ನು ಮಾರಬಾರದೆಂದು ಕ್ಯಾಲಿಫೋರ್ನಿಯಾ ರಾಜ್ಯ ಮಾಡಿದ್ದ ಕಾನೂನನ್ನು ಸುಪ್ರೀಂ ಕೋರ್ಟು 7-2ರ ಬಹುಮತದಿಂದ ರದ್ದು ಮಾಡಿತು. ಪುಸ್ತಕ, ನಾಟಕ, ಸಿನಿಮಾಗಳಂತೆ ಆಟಗಳೂ ವಿಚಾರಗಳನ್ನು ತಿಳಿಸುತ್ತವೆ, ಅವಕ್ಕೂ ಅದೇ ರಕ್ಷಣೆ ಸಲ್ಲಬೇಕು ಎಂದಿತು.

ಮರುವರ್ಷ, 2012ರ ನವೆಂಬರ್‌ನಲ್ಲಿ, ನ್ಯೂಯಾರ್ಕಿನ ಆಧುನಿಕ ಕಲಾ ಮ್ಯೂಸಿಯಂ 14 ವಿಡಿಯೋ ಗೇಮುಗಳನ್ನು ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಿತು. ವ್ಯಾನ್ ಗೋನ ನಕ್ಷತ್ರಗಳ ರಾತ್ರಿ ಇರುವ ಮ್ಯೂಸಿಯಂ ಇದು. ಪ್ಯಾಕ್‌ಮ್ಯಾನ್, ಟೆಟ್ರಿಸ್, ಸಿಮ್ ಸಿಟಿ ಅಲ್ಲಿಗೆ ಹೋದವು. ಲಂಡನ್ನಿನ ಪತ್ರಿಕೆಯ ಕಲಾ ವಿಮರ್ಶಕರೊಬ್ಬರು, ಪಿಕಾಸೋ ಪಕ್ಕದಲ್ಲಿ ಇದೇನು ಎಂದು ಕೆರಳಿ ಬರೆದರು. ನಮ್ಮ ಮೇಷ್ಟ್ರ ಹಾಗೆಯೇ!

ಆದರೆ ಇಲ್ಲೊಂದು ಸೂಕ್ಷ್ಮವಿದೆ. ಮ್ಯೂಸಿಯಂ ಆ ಆಟಗಳನ್ನು ಸೇರಿಸಿಕೊಂಡದ್ದು ಚಿತ್ರಕಲಾ ವಿಭಾಗಕ್ಕಲ್ಲ, ವಾಸ್ತುಶಿಲ್ಪ ಮತ್ತು ವಿನ್ಯಾಸ ವಿಭಾಗಕ್ಕೆ. ಅಲ್ಲಿ ಕುರ್ಚಿಗಳೂ ಇವೆ, ಬೆರಳಚ್ಚು ಯಂತ್ರವೂ ಇದೆ. ಹಾಗೆಯೇ ಕೋರ್ಟು ಕೊಟ್ಟದ್ದು ಸ್ವಾತಂತ್ರ್ಯವನ್ನು, ಶ್ರೇಷ್ಠತೆಯ ಸರ್ಟಿಫಿಕೇಟನ್ನಲ್ಲ. ಕೆಟ್ಟ ಪುಸ್ತಕಕ್ಕೂ ಆ ಸ್ವಾತಂತ್ರ್ಯ ಇದೆ. ಆದ್ದರಿಂದ "ಮ್ಯೂಸಿಯಂನಲ್ಲಿ ಇಟ್ಟಿದ್ದಾರೆ ಗೊತ್ತಾ?" ಎಂದು ಅಪ್ಪನ ಬಾಯಿ ಮುಚ್ಚಿಸುವ ಹುಡುಗರು ಸ್ವಲ್ಪ ನಿಧಾನಿಸುವುದು ಒಳ್ಳೆಯದು. ಕಲೆ ಎಂಬುದು ಗೋಡೆಯಿಂದ ಬರುವುದಿಲ್ಲ. ಉತ್ತರ ಸಿಗಬೇಕಾದದ್ದು ಆಟದ ಒಳಗೇ.

ನಿಯಮವೇ ಬಣ್ಣ

ಒಳಗೆ ನೋಡೋಣ. ಅತಿ ಸರಳವಾದ ಆಟದಿಂದ ಶುರುಮಾಡಿದರೆ ಸುಲಭ.

1984ರಲ್ಲಿ ಮಾಸ್ಕೋದಲ್ಲಿ, ಸೋವಿಯತ್ ವಿಜ್ಞಾನ ಅಕಾಡೆಮಿಯ ಗಣಕ ಕೇಂದ್ರದಲ್ಲಿ, ಅಲೆಕ್ಸಿ ಪಜಿತ್ನೋವ್ ಎಂಬ ಯುವಕ ಕೆಲಸಕ್ಕಿದ್ದ. ಅವನಿಗೆ ಒಗಟಿನ ಹುಚ್ಚು. ಐದೈದು ಚೌಕಗಳನ್ನು ಜೋಡಿಸಿ ಮಾಡಿದ 12 ಬಿಲ್ಲೆಗಳನ್ನು ಒಂದು ಡಬ್ಬಿಯಲ್ಲಿ ಸರಿಯಾಗಿ ಕೂರಿಸುವ ಹಳೆಯ ಆಟವೊಂದಿತ್ತು. ಅದನ್ನು ಕಂಪ್ಯೂಟರಿಗೆ ತರಲು ಹೊರಟ. ಹನ್ನೆರಡು ಹೆಚ್ಚಾಯಿತೆನ್ನಿಸಿ, ನಾಲ್ಕು ಚೌಕಗಳ ಏಳು ಬಿಲ್ಲೆಗೆ ಇಳಿಸಿದ. ಅವನ ಮುಂದಿದ್ದ ಎಲೆಕ್ಟ್ರೋನಿಕಾ 60 ಎಂಬ ಯಂತ್ರಕ್ಕೆ ಚಿತ್ರ ಮೂಡಿಸುವ ಶಕ್ತಿಯೇ ಇರಲಿಲ್ಲ. ಅಕ್ಷರಗಳ ಮಧ್ಯೆ ಬಳಸುವ ಆವರಣ ಚಿಹ್ನೆಗಳನ್ನೇ ಜೋಡಿಸಿ ಚೌಕ ಮಾಡಿಕೊಂಡ. ಬಿಲ್ಲೆಗಳು ಮೇಲಿನಿಂದ ಬೀಳಬೇಕು. ಆದರೆ ಬಿದ್ದು ಬಿದ್ದು ಪರದೆ ಕೆಲವೇ ಕ್ಷಣದಲ್ಲಿ ತುಂಬಿಹೋಗುತ್ತಿತ್ತು. ಆಗ ಅವನಿಗೆ ಹೊಳೆದದ್ದು: ಒಂದು ಸಾಲು ಪೂರ್ತಿ ತುಂಬಿದರೆ ಅದು ಮಾಯವಾಗಲಿ!

ಅದೇ ಟೆಟ್ರಿಸ್. ಇಟ್ಟಿಗೆ ಬೀಳುವ ಆಟ ಎಂದರೆ ನಮ್ಮ ಅನೇಕ ಮನೆಗಳಲ್ಲಿ ಗೊತ್ತಾಗುತ್ತದೆ. ಅದರಲ್ಲಿ ಕಥೆಯಿಲ್ಲ, ನಾಯಕನಿಲ್ಲ, ಗುಂಡಿಲ್ಲ. ಇರುವುದು ಒಂದೇ ಒಂದು ನಿಯಮ. ಸರಿಯಾಗಿ ಮಾಡಿದ ಕೆಲಸ ಅಳಿಸಿಹೋಗುತ್ತದೆ, ತಪ್ಪು ಮಾಡಿದ್ದು ಮಾತ್ರ ಕಣ್ಣ ಮುಂದೆ ಉಳಿಯುತ್ತದೆ. ಉಳಿದ ತಪ್ಪುಗಳು ಒಂದರ ಮೇಲೊಂದು ಕೂತು ಎತ್ತರವಾಗುತ್ತವೆ, ಅಷ್ಟರಲ್ಲಿ ವೇಗವೂ ಹೆಚ್ಚುತ್ತದೆ. ಸಂಸಾರ ನಡೆಸಿದ ಯಾರಿಗಾದರೂ ಇದು ಎಲ್ಲೋ ಕಂಡಂತಿದೆಯಲ್ಲ ಎನ್ನಿಸದೆ ಇರದು.

ಎಬರ್ಟ್ ಅವರ ಮೊದಲ ಮಾತು ಇಲ್ಲಿ ನಿಲ್ಲುವುದಿಲ್ಲ. ಮೊದಲ ಟೆಟ್ರಿಸ್‌ನಲ್ಲಿ ಗೆಲುವೆಂಬುದೇ ಇರಲಿಲ್ಲ. ಎಷ್ಟು ಹೊತ್ತಿನ ನಂತರ ಸೋಲುತ್ತೇವೆ ಎಂಬುದಷ್ಟೇ ಪ್ರಶ್ನೆ. 1989ರಲ್ಲಿ ಬಂದ ಅದರ ಒಂದು ಆವೃತ್ತಿಯನ್ನು 2023ರ ಡಿಸೆಂಬರ್‌ನಲ್ಲಿ ಅಮೆರಿಕದ 13 ವರ್ಷದ ಹುಡುಗನೊಬ್ಬ 157ನೇ ಹಂತದವರೆಗೆ ಆಡಿದಾಗ ಯಂತ್ರವೇ ಕೈಚೆಲ್ಲಿ ನಿಂತುಹೋಯಿತು. ಯಾರೂ ಮುಟ್ಟದ ಜಾಗವನ್ನು ಮುಟ್ಟಲು 34 ವರ್ಷ ಬೇಕಾಯಿತು.

ನನಗೆ ಹೊಳೆದ ಮುಖ್ಯ ವಿಷಯ ಇದು. ಚಿತ್ರಗಾರನ ಸಾಮಗ್ರಿ ಬಣ್ಣ, ಗಾಯಕನದು ಸ್ವರ, ಕವಿಯದು ಮಾತು. ಆಟ ಮಾಡುವವನ ಸಾಮಗ್ರಿ ನಿಯಮ. ಈಗಿನ ಆಟಗಳ ಚಿತ್ರ ಸಿನಿಮಾದಷ್ಟು ಚೆನ್ನಾಗಿದೆ, ಸಂಗೀತ ಚೆನ್ನಾಗಿದೆ, ಆದ್ದರಿಂದ ಅದು ಕಲೆ ಎಂದು ವಾದಿಸುವವರು ಬೇರೆ ಕಲೆಗಳ ಒಡವೆಯನ್ನು ಎರವಲು ತಂದು ತೊಡಿಸುತ್ತಿದ್ದಾರೆ. ಒಡವೆ ಕಳಚಿದ ಮೇಲೂ ಏನಾದರೂ ಉಳಿಯಬೇಕು.

ಇನ್ನು ಎರಡನೆಯ ಮಾತು. ಆಡುವವನಿಗೆ ಸ್ವಾತಂತ್ರ್ಯ ಕೊಟ್ಟರೆ ಕೃತಿ ಕೆಡುತ್ತದೆಯೆ? ತಾಳಮದ್ದಳೆ ಕೇಳಿದವರಿಗೆ ಇದಕ್ಕೆ ಉತ್ತರ ಗೊತ್ತು. ಪ್ರಸಂಗದ ಪದ್ಯ ಮೊದಲೇ ಬರೆದಿಟ್ಟದ್ದು. ಕೃಷ್ಣ ಸಂಧಾನಕ್ಕೆ ಹೋಗುತ್ತಾನೆ, ಸಂಧಾನ ಮುರಿಯುತ್ತದೆ, ಅದು ಬದಲಾಗುವುದಿಲ್ಲ. ಆದರೆ ನಡುವಿನ ಮಾತೆಲ್ಲ ಅರ್ಥಧಾರಿಗಳದ್ದು, ಆ ರಾತ್ರಿಗೆ ಅಲ್ಲೇ ಹುಟ್ಟಿದ್ದು. ಕವಿ ಹಾಕಿದ ಅಂಗಳದಲ್ಲಿ ಇನ್ನೊಬ್ಬ ಓಡಾಡಿದ ಮಾತ್ರಕ್ಕೆ ಕವಿ ಇಲ್ಲವಾಗುವುದಿಲ್ಲ.

ಮೇಷ್ಟ್ರು ಕೀಲಿ ಒತ್ತಿದರು

ಎರಡು ವಾರದ ನಂತರ ಮೇಷ್ಟ್ರು ಬಂದರು. ಜೊತೆಗೆ ಮಗನೂ ಬಂದ, ಬಗಲಲ್ಲಿ ಲ್ಯಾಪ್‌ಟಾಪ್. ನಾನು ಮೇಲಿನ ಭಾಷಣವನ್ನೆಲ್ಲ ಮಾಡಲಿಲ್ಲ. ಎಬರ್ಟ್ ಕಲಿಸಿದ ಪಾಠ ಮನಸ್ಸಿನಲ್ಲಿತ್ತು. "ಮೊದಲು ಒಂದು ಆಟ ಆಡಿ ಮೇಷ್ಟ್ರೇ, ಐದೇ ನಿಮಿಷ" ಎಂದೆ.

ಆಟದ ಹೆಸರು ಪ್ಯಾಸೇಜ್. ದಾರಿ ಎನ್ನಬಹುದು, ಸರಿದುಹೋಗುವುದು ಎಂದೂ ಎನ್ನಬಹುದು. ಜೇಸನ್ ರೋಹ್ರರ್ ಎಂಬ ಅಮೆರಿಕನ್ ಮೂವತ್ತರ ಹೊಸ್ತಿಲಲ್ಲಿದ್ದಾಗ, 2007ರಲ್ಲಿ, ಒಬ್ಬನೇ ಕೂತು ಮಾಡಿದ್ದು. ನ್ಯೂಯಾರ್ಕ್ ಮ್ಯೂಸಿಯಂನ ಆ 14ರಲ್ಲಿ ಇದೂ ಒಂದು. ಅದರ ಚಿತ್ರ ಒಂದು ಅಡಿಪಟ್ಟಿಯಂತೆ ಉದ್ದಕ್ಕಿದೆ. ಅಡ್ಡಕ್ಕೆ 100 ಚುಕ್ಕೆ, ಎತ್ತರಕ್ಕೆ 16 ಚುಕ್ಕೆ, ಅಷ್ಟೆ. ಎಡ ತುದಿಯಲ್ಲಿ ಒಬ್ಬ ಹುಡುಗ. ಬಾಣದ ಕೀಲಿ ಒತ್ತಿದರೆ ನಡೆಯುತ್ತಾನೆ.

"ಇದಕ್ಕಿಂತ ನನ್ನ ಎಂಟನೇ ಕ್ಲಾಸಿನ ಮಕ್ಕಳು ಚೆನ್ನಾಗಿ ಬರೀತಿದ್ರು" ಎಂದರು ಮೇಷ್ಟ್ರು. ಮಗ ಏನೋ ಹೇಳಲು ಬಾಯಿ ತೆರೆದ. ನಾನು ಕಣ್ಣಲ್ಲೇ ಸುಮ್ಮನಿರಿಸಿದೆ.

ಸ್ವಲ್ಪ ದೂರದಲ್ಲಿ ಒಬ್ಬ ಹುಡುಗಿ ನಿಂತಿದ್ದಳು. ಮೇಷ್ಟ್ರು ನೇರ ಅವಳ ಬಳಿ ಹೋದರು. ಒಂದು ಹೃದಯದ ಗುರುತು ಮೂಡಿತು. ಅಲ್ಲಿಂದ ಮುಂದೆ ಇಬ್ಬರೂ ಜೊತೆಯಾಗಿ ನಡೆದರು. ಕೆಳಗಿನ ದಾರಿಗಳಲ್ಲಿ ನಿಧಿಯ ಪೆಟ್ಟಿಗೆಗಳು ಕಾಣುತ್ತಿದ್ದವು. ಮೇಷ್ಟ್ರು ಒಂದರತ್ತ ಇಳಿದರು, ಸಂದು ಕಿರಿದಾಗಿತ್ತು. ಒಬ್ಬನಾದರೆ ನುಸುಳಬಹುದಿತ್ತು, ಇಬ್ಬರಿಗೆ ಜಾಗವಿಲ್ಲ. "ಇವಳನ್ನ ಇಲ್ಲೇ ನಿಲ್ಲಿಸಿ ಹೋಗಿಬರೋಕಾಗಲ್ಲವಾ?" ಎಂದು ಕೇಳಿದರು. "ಆಗಲ್ಲ ಅಪ್ಪಾ" ಎಂದ ಮಗ. ಮೇಷ್ಟ್ರು "ಹೋಗಲಿ ಬಿಡು" ಎಂದು ದಾರಿ ಬದಲಿಸಿದರು.

ಎರಡು ನಿಮಿಷವಾಗಿರಬಹುದು. ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ಪರದೆಗೆ ಮುಖ ಹತ್ತಿರ ತಂದರು. ಅವರ ಕಣ್ಣಿಗೆ ಬಿದ್ದದ್ದು ನನಗೆ ಕಂಡಿರಲಿಲ್ಲ. "ನೋಡ್ರೀ, ಶುರುವಿನಲ್ಲಿ ಇವನು ಎಡಗಡೆ ಇದ್ದ. ಮುಂದಿನದೆಲ್ಲ ಒತ್ತೊತ್ತಾಗಿ ಮಬ್ಬು ಮಬ್ಬಾಗಿತ್ತು. ಈಗ ನಡೂಮಧ್ಯೆ ಬಂದಿದ್ದಾನೆ. ಈಗ ಹಿಂದಿನದೂ ಒತ್ತಿಕೊಂಡು ಮಬ್ಬಾಗ್ತಾ ಇದೆ. ನಾವು ದೂರದ ಮರ ಚಿಕ್ಕದಾಗಿ ಬರೀತೀವಲ್ಲ, ಹಾಗೆ ಇವನು ಕಾಲಕ್ಕೇ ಪರ್ಸ್‌ಪೆಕ್ಟಿವ್ ಹಾಕಿದ್ದಾನೆ!"

ಆ ಹೊತ್ತಿಗೆ ಪರದೆಯ ಮೇಲಿನ ಇಬ್ಬರ ಕೂದಲೂ ಬೆಳ್ಳಗಾಗತೊಡಗಿತ್ತು. ಅವನು ಬಲ ತುದಿಗೆ ಸರಿದಿದ್ದ. ಮುಂದೆ ನೋಡಲು ಹೆಚ್ಚೇನೂ ಉಳಿದಿರಲಿಲ್ಲ, ಹಿಂದೆ ಬಹಳವಿತ್ತು. ಇದ್ದಕ್ಕಿದ್ದಂತೆ ಹೆಂಗಸು ಇರಲಿಲ್ಲ, ಅವಳಿದ್ದ ಜಾಗದಲ್ಲಿ ಒಂದು ಗೋರಿಕಲ್ಲು. ಮೇಷ್ಟ್ರ ಬೆರಳು ಕೀಲಿಯ ಮೇಲೆ ಇತ್ತು, ಒತ್ತಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಒತ್ತಿದರು. ಮುದುಕ ಬಹಳ ನಿಧಾನವಾಗಿ ನಡೆದ. ಈಗ ಒಬ್ಬನೇ ಆದ್ದರಿಂದ ಆ ಕಿರಿದಾದ ಸಂದುಗಳಲ್ಲಿ ನುಸುಳಬಹುದಿತ್ತು. ಆದರೆ ಪೆಟ್ಟಿಗೆಯತ್ತ ಹೋಗುವಷ್ಟು ಹೊತ್ತು ಉಳಿದಿರಲಿಲ್ಲ. ಐದು ನಿಮಿಷಕ್ಕೆ ಅವನೂ ಕಲ್ಲಾದ. ಅಂಕ ಎಷ್ಟು ಬಂತೆಂದು ಮೇಷ್ಟ್ರು ನೋಡಲಿಲ್ಲ.

ಯಾರೂ ಮಾತಾಡಲಿಲ್ಲ. ಆಮೇಲೆ ಮೇಷ್ಟ್ರೇ ಮಗನನ್ನು ಕೇಳಿದರು: "ನೀನು ಆಡಿದಾಗ ಏನು ಮಾಡಿದೆ?"

"ಮೊದಲ ಸಲ ನಾನು ಅವಳ ಹತ್ತಿರ ಹೋಗಲೇ ಇಲ್ಲ ಅಪ್ಪಾ. ಒಬ್ಬನೇ ಹೋಗಿ ಪೆಟ್ಟಿಗೆ ಹುಡುಕಿದೆ."

"ಸಿಕ್ತಾ?"

"ಕೆಲವು ಸಿಕ್ತು. ಕೆಲವು ಖಾಲಿ ಇತ್ತು. ಕೊನೆಗೆ ಒಬ್ಬನೇ ಇದ್ದೆ."

ಅಪ್ಪ ಮಗ ಇಬ್ಬರೂ ಅರ್ಧ ಗಂಟೆ ಮಾತಾಡಿದರು. ನಿಧಿ ಬಿಟ್ಟದ್ದು ಸರಿಯೆ, ಜೊತೆ ಬಿಟ್ಟದ್ದು ಸರಿಯೆ, ಸಂದು ಕಿರಿದು ಮಾಡಿದ್ದು ಯಾಕೆ ಎಂದು. ಒಂದು ಒಳ್ಳೆಯ ಕಾದಂಬರಿ ಓದಿದ ಇಬ್ಬರು ಮಾತಾಡುವ ಹಾಗೆ. ಆದರೆ ಒಂದು ವ್ಯತ್ಯಾಸವಿತ್ತು. ಕಾದಂಬರಿಯ ನಾಯಕ ಹೆಂಡತಿಯನ್ನು ಕಡೆಗಣಿಸಿದರೆ ನಾವು ಅವನನ್ನು ಬೈಯುತ್ತೇವೆ. ಇಲ್ಲಿ ಹುಡುಗ ಬೈಯಬೇಕಾದದ್ದು ತನ್ನನ್ನೇ. ಅವಳನ್ನು ದಾಟಿ ಹೋದವನು ಅವನೇ, ಆ ಕೀಲಿ ಒತ್ತಿದ್ದು ಅವನ ಬೆರಳೇ. ಬೇರೆ ಯಾವ ಕಲೆಯಲ್ಲೂ ಈ ಅನುಭವ ಹೀಗೆ ಸಿಗದು. ಆಟವನ್ನು ಕಲೆ ಎನ್ನಲು ಕಾರಣವೊಂದು ಬೇಕಿದ್ದರೆ, ನನ್ನ ಮಟ್ಟಿಗೆ ಅದು ಇದೇ.

ಹಾಗಾದರೆ ಎಲ್ಲವೂ ಕಲೆಯೆ?

ಖಂಡಿತ ಅಲ್ಲ. ಅಚ್ಚಾದದ್ದೆಲ್ಲ ಸಾಹಿತ್ಯವಲ್ಲ, ಹಾಗೆಯೇ ಇದೂ. ನಿಯಮವೇ ಸಾಮಗ್ರಿ ಎಂದ ಮೇಲೆ ಆ ನಿಯಮವನ್ನು ಯಾವುದಕ್ಕೆ ಹೂಡಿದ್ದಾರೆಂದು ಕೇಳಲೇಬೇಕು. ನಮ್ಮ ಮಕ್ಕಳ ಮೊಬೈಲಿನಲ್ಲಿರುವ ಎಷ್ಟೋ ಆಟಗಳ ನಿಯಮ ಒಂದೇ ಉದ್ದೇಶಕ್ಕೆ ಹೂಡಿದ್ದು: ಹುಡುಗ ಆಟ ಬಿಟ್ಟು ಏಳಬಾರದು. ಇಂದು ಬರದಿದ್ದರೆ ನಿನ್ನೆಯ ಬಹುಮಾನ ಹೋಯಿತು. ಮುಂದಿನ ಮೆಟ್ಟಿಲಿಗೆ ಕಾಯಬೇಕು, ಹಣ ಕೊಟ್ಟರೆ ಕಾಯಬೇಕಿಲ್ಲ. ಡಬ್ಬಿಯೊಳಗೆ ಏನಿದೆಯೋ, ಕೊಂಡು ತೆರೆದು ನೋಡು. ಇದರಲ್ಲಿ ಜಾಣತನವಿದೆ, ಆದರೆ ಅದು ಜಾತ್ರೆಯಲ್ಲಿ ಮೂರೆಲೆ ಆಡಿಸುವವನ ಜಾಣತನ.

ಇನ್ನು ಹಣ ಕಟ್ಟಿ ಆಡುವುದಂತೂ ಬೇರೆಯೇ ಮಾತು. ಹಣ ಪಣಕ್ಕಿಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ, ಅದೇ ಹೊತ್ತಿಗೆ ಇ-ಸ್ಪೋರ್ಟ್ಸ್ ಸ್ಪರ್ಧೆಗಳಿಗೆ ಮಾನ್ಯತೆ ಕೊಡುವ ಕಾನೂನನ್ನು ನಮ್ಮ ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿತು. ಜೂಜು ಬೇರೆ, ಆಟ ಬೇರೆ ಎಂಬ ಗೆರೆಯನ್ನು ಅದು ಎಳೆಯಿತು.

ಚಟದ ಭಯವೂ ಸುಳ್ಳಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲಿ ಆಟದ ಗೀಳು ಸೇರಿದ್ದು 2019ರಲ್ಲಿ, ಆ ಪಟ್ಟಿ ಜಾರಿಗೆ ಬಂದದ್ದು 2022ರ ಜನವರಿಯಲ್ಲಿ. ಆದರೆ ಅದರ ಲಕ್ಷಣಗಳನ್ನು ಪೋಷಕರು ಗಮನವಿಟ್ಟು ಓದಬೇಕು. ಆಟದ ಮೇಲೆ ಹತೋಟಿ ತಪ್ಪಿರಬೇಕು. ಊಟ, ಓದು, ಗೆಳೆಯರು ಎಲ್ಲಕ್ಕಿಂತ ಆಟವೇ ಮುಂದಾಗಿರಬೇಕು. ಹಾನಿಯಾಗುತ್ತಿದೆ ಎಂದು ಗೊತ್ತಿದ್ದೂ ನಿಲ್ಲಿಸಲಾಗದಿರಬೇಕು. ಸಾಮಾನ್ಯವಾಗಿ ಇದು ಒಂದು ವರ್ಷವಾದರೂ ನಡೆದಿರಬೇಕು. ರಜೆಯಲ್ಲಿ ಎರಡು ಗಂಟೆ ಆಡಿದ ಹುಡುಗ ರೋಗಿಯಲ್ಲ. ಅದೇ ರೀತಿ, ಕಲೆ ಎಂಬ ಹೆಸರು ಬಂದ ಮಾತ್ರಕ್ಕೆ ರಾತ್ರಿ ಎರಡರವರೆಗೆ ಆಡಲು ಪರವಾನಗಿಯೂ ಸಿಗುವುದಿಲ್ಲ. ಪರೀಕ್ಷೆಯ ಹಿಂದಿನ ದಿನ ಹುಡುಗ ಮಹಾಕಾವ್ಯವನ್ನೇ ಓದುತ್ತಾ ಕೂತರೂ ನಾವು ಬೈಯುತ್ತೇವಲ್ಲವೆ?

ಹೊಟ್ಟೆಪಾಡಿನ ಪ್ರಶ್ನೆಗೂ ಒಂದು ಮಾತು. ಗೇಮ್ ಮಾಡುವ ಕೆಲಸ ನಮ್ಮ ಊರಿಗೆ ಹೊಸದಲ್ಲ. ಧ್ರುವ ಇಂಟರಾಕ್ಟಿವ್ ಎಂಬ ಸಂಸ್ಥೆ ಬೆಂಗಳೂರಿನಲ್ಲಿ ಶುರುವಾದದ್ದು 1997ರಲ್ಲಿ. ಹೊರದೇಶದ ದೊಡ್ಡ ಆಟಗಳಿಗೆ ಬೇಕಾದ ಚಿತ್ರಕೆಲಸವನ್ನು ನಮ್ಮ ಹುಡುಗರು ಇಲ್ಲಿ ಕೂತು ಮಾಡಿಕೊಟ್ಟರು. 2019ರಲ್ಲಿ ಅದನ್ನು ಅಮೆರಿಕದ ರಾಕ್‌ಸ್ಟಾರ್ ಕಂಪನಿ ಕೊಂಡಿತು. ಪುಣೆಯ ಒಂದು ಚಿಕ್ಕ ತಂಡ ನಮ್ಮ ಪುರಾಣದ ಹಿನ್ನೆಲೆಯಲ್ಲಿ ರಾಜಿ ಎಂಬ ಆಟ ಮಾಡಿ 2020ರಲ್ಲಿ ಹೊರತಂದಿತು.

ನನಗೆ ಇವೆಲ್ಲಕ್ಕಿಂತ ಹತ್ತಿರವೆನ್ನಿಸಿದ್ದು 2023ರಲ್ಲಿ ಕೆನಡಾದಿಂದ ಬಂದ ವೆಣ್ಬಾ. ಎಂಬತ್ತರ ದಶಕದಲ್ಲಿ ಅಲ್ಲಿಗೆ ಹೋದ ತಮಿಳು ಸಂಸಾರದ ಕಥೆ. ತಾಯಿಯ ಬಳಿ ಊರಿನಿಂದ ತಂದ ಅಡುಗೆ ಪುಸ್ತಕವಿದೆ, ಅಲ್ಲಲ್ಲಿ ಹರಿದು ಅಳಿಸಿಹೋಗಿದೆ. ಇಡ್ಲಿ ಹೇಗೆ ಬೇಯಿಸಬೇಕೆಂದು ಆಡುವವರೇ ಯೋಚಿಸಿ ಕಂಡುಕೊಳ್ಳಬೇಕು. ಮುಂದೆ ಬೆಳೆದ ಮಗನ ಕೈಗೆ ಆ ಪುಸ್ತಕ ಬರುತ್ತದೆ, ಅವನಿಗೆ ತಾಯಿಯ ಭಾಷೆ ಸರಿಯಾಗಿ ಓದಲು ಬಾರದು. ಆಗ ಆಡುವವರಿಗೂ ಅರ್ಧಂಬರ್ಧವೇ ಅರ್ಥವಾಗುತ್ತದೆ. ಭಾಷೆ ಕಳೆದುಕೊಳ್ಳುವುದೆಂದರೆ ಏನೆಂದು ಇಷ್ಟು ಸುಲಭವಾಗಿ ತೋರಿಸಲು ಭಾಷಣದಿಂದ ಆಗುತ್ತಿತ್ತೆ? ಮರುವರ್ಷ ಬ್ರಿಟನ್ನಿನ ಬಾಫ್ಟಾ ಸಂಸ್ಥೆ ಅದನ್ನು ಹೊಸಬರ ಅತ್ಯುತ್ತಮ ಆಟವೆಂದು ಗೌರವಿಸಿತು. ನಮ್ಮ ಅಜ್ಜಿಯಂದಿರ ಕೈಬರಹದ ಅಡುಗೆ ಪುಸ್ತಕಗಳು ಇನ್ನೂ ಕಪಾಟಿನಲ್ಲಿವೆ. ಅವುಗಳಿಂದ ಇಂಥ ಆಟ ಮಾಡುವವರು ಯಾರಾದರೂ ಹುಟ್ಟಿದರೆ ನಾನು ಬೇಡವೆನ್ನುವುದಿಲ್ಲ.

ಕೊನೆಗೆ ಪೋಷಕರಿಗೆ ಒಂದು ಮಾತು. ನಾವು ಮಕ್ಕಳನ್ನು ಕೇಳುವುದು "ಎಷ್ಟು ಹೊತ್ತು ಆಡಿದೆ?" ಎಂದು ಮಾತ್ರ. ಕೇಳಬೇಕಾದ ಪ್ರಶ್ನೆ, ಆದರೆ ಅದೊಂದೇ ಸಾಲದು. "ಏನು ಆಡಿದೆ? ಅದರಲ್ಲಿ ನೀನು ಏನು ಮಾಡಿದೆ? ಯಾಕೆ ಹಾಗೆ ಮಾಡಿದೆ?" ಎಂದೂ ಕೇಳಿ. ಉತ್ತರ ಹೇಳಲು ಹುಡುಗನಿಗೆ ಏನೂ ತೋಚದಿದ್ದರೆ, ಆ ಆಟದಲ್ಲಿ ಹೇಳುವಂಥದ್ದು ಏನೂ ಇಲ್ಲವೆಂದು ಅವನಿಗೇ ಗೊತ್ತಾಗುತ್ತದೆ. ಹೇಳಲು ಬಹಳವಿದ್ದರೆ ಕೂತು ಕೇಳಿ. ವಿದ್ಯಾರ್ಥಿಗಳಿಗೂ ಒಂದು ಮಾತು. ನಿಮ್ಮ ಆಟ ಕಲೆ ಎಂದು ಅಪ್ಪನ ಜೊತೆ ವಾದಿಸಬೇಡಿ. ಒಂದು ಒಳ್ಳೆಯ ಆಟ ಆರಿಸಿ, ಪಕ್ಕದಲ್ಲಿ ಕೂರಿಸಿಕೊಂಡು ಆಡಿಸಿ. ಅಪ್ಪನ ಬೆರಳು ನಿಧಾನ, ತಾಳ್ಮೆ ಇರಲಿ.

ಮೇಷ್ಟ್ರ ಮನೆಯ ಸುದ್ದಿ? ಅಂದು ಹೊರಡುವಾಗ ಅವರು ಹೇಳಿದ್ದು ಇಷ್ಟೆ: "ಕಲೆ ಹೌದೋ ಅಲ್ಲವೋ ನನಗೆ ಇನ್ನೂ ಗೊತ್ತಿಲ್ಲ ಕಣ್ರೀ. ಆದರೆ ಅದನ್ನ ಮಾಡಿದವನು ಏನೋ ನೋಡಿದ್ದಾನೆ. ನೋಡದೆ ಹಾಗೆ ಮಾಡೋಕಾಗಲ್ಲ." ಮಗ ಪ್ರವೇಶ ಪರೀಕ್ಷೆ ಬರೆಯಬಹುದು ಎಂದಾಗಿದೆ. ಷರತ್ತು ಒಂದೇ. ದಿನಾ ಬೆಳಿಗ್ಗೆ ಒಂದು ಗಂಟೆ ಅಪ್ಪನ ಮುಂದೆ ಕೂತು ಪೆನ್ಸಿಲ್ ಹಿಡಿದು ಮಡಕೆ ಬರೆಯಬೇಕು. ಸೀಟು ಸಿಗುತ್ತದೋ ಇಲ್ಲವೋ, ಈಗಲೇ ಹೇಳಲಾಗದು. ಮಡಕೆ ಮಾತ್ರ ಸುಧಾರಿಸುತ್ತಿದೆಯಂತೆ.

ಮೊನ್ನೆ ಭಾನುವಾರ ಮೇಷ್ಟ್ರು ಮತ್ತೆ ಕಾಫಿಗೆ ಬಂದರು. ಪಿಂಚಣಿ ಮುಗಿಯಿತು, ಮಳೆ ಮುಗಿಯಿತು. ಮೊಣಕಾಲಿನ ಸರದಿ ಬಂತೆಂದು ನಾನು ಕಾಯುತ್ತಿದ್ದೆ. ಅವರು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು ದನಿ ತಗ್ಗಿಸಿ ಕೇಳಿದರು:

"ಅಲ್ರೀ, ಆ ಟೆಟ್ರಿಸ್‌ನಲ್ಲಿ ಉದ್ದನೆ ಕಡ್ಡಿ ಬೇಕಾದಾಗ ಬರೋದೇ ಇಲ್ಲವಲ್ಲ, ಯಾಕೆ?"